ಆಷಾಢದ ಗಾಳಿಯೂ ಮನೆಯ ಡಿಶ್ಶೂ

ಮಕ್ಕಳೇ, ಆಷಾಢ ಬಂತೆಂದರೆ ನಮ್ಮ ಲೇಪಾಕ್ಷಿಯ ಕಡೆ ಗಾಳಿಯದೇ ದರ್ಬಾರು. ಪಡುವಣದಿಂದ ಬೀಸುವ ಈ ಗಾಳಿಗೆ ಹಗಲಿಲ್ಲ, ಇರುಳಿಲ್ಲ. ಒಣಹಾಕಿದ ಬಟ್ಟೆ ಬೇಲಿ ದಾಟಿ ಹೋಗುತ್ತದೆ. ಬಣವೆಯ ಹುಲ್ಲು ಬೀದಿಗೆ ಬರುತ್ತದೆ. ನಮ್ಮೂರ ಏಕಶಿಲೆಯ ಬಸವಣ್ಣನೊಬ್ಬನೇ ಅಲುಗದೆ ಕುಳಿತಿರುತ್ತಾನೆ. ಇದೇ ಗಾಳಿಯನ್ನು ನಂಬಿ ನಮ್ಮ ಸೀಮೆಯ ರಾಮಗಿರಿಯ ಗುಡ್ಡಗಳ ಮೇಲೆ ವಿದ್ಯುತ್ ತಯಾರಿಸುವ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ.

ಈ ದಿನಗಳಲ್ಲಿ ಮನೆಮನೆಯಲ್ಲೂ ಒಂದು ದೂರು ಕೇಳಿಬರುತ್ತದೆ. ಟಿ.ವಿ.ಯ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಆಮೇಲೆ ತೆರೆ ಕಪ್ಪಾಗಿ "ಸಿಗ್ನಲ್ ಇಲ್ಲ" ಎಂಬ ಬರಹ ಮೂಡುತ್ತದೆ. ಆಗ ಯಾರಾದರೊಬ್ಬರು ಮಾಳಿಗೆ ಹತ್ತುತ್ತಾರೆ. ಹೆಚ್ಚಾಗಿ ಹತ್ತುವವರು ನಿಮ್ಮಂಥ ಮಕ್ಕಳೇ. ನಾನು ಹೇಳಬೇಕೆಂದಿರುವುದು ಈ ಹತ್ತುವ ವಿಷಯವನ್ನೇ.

2020ನೆಯ ಇಸವಿಯಲ್ಲಿ ಕೊರೋನಾ ಕಾಯಿಲೆಯಿಂದಾಗಿ ಶಾಲೆಗಳು ಮುಚ್ಚಿದ್ದವು. ನೀವಾಗ ತುಂಬ ಚಿಕ್ಕವರು. ಆ ವರ್ಷದ ಜುಲೈ ತಿಂಗಳಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಕರ್ನಾಟಕದ ಪ್ರೌಢಶಾಲೆಯ ಮಕ್ಕಳಿಗಾಗಿ 'ಸೇತುಬಂಧ' ಎಂಬ ಪಾಠಗಳು ಆರಂಭವಾದವು. ಆಂಧ್ರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೂ ಅವು ಆಸರೆಯಾದವು. ಪುಸ್ತಕ ಬೇರೆಯಾದರೂ ಲೆಕ್ಕ ಒಂದೇ ತಾನೆ? ತಿಂಗಳ ಬಾಡಿಗೆಯಿಲ್ಲದ ಡಿ.ಡಿ. ಫ್ರೀ ಡಿಶ್ ಇದ್ದ ಮನೆಗಳಲ್ಲೂ ಚಂದನ ಸಿಗುತ್ತಿತ್ತು.

ಆಗ ನಾನು ಹತ್ತಿರದ ಹಳ್ಳಿಯೊಂದರಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಮನೆಗೆ ಹೋಗಿದ್ದೆ. ಶ್ರಾವಣ ಬಂದಿದ್ದರೂ ಗಾಳಿ ತಗ್ಗಿರಲಿಲ್ಲ. ತಗಡಿನ ಮಾಡಿನ ಮೇಲೆ ಅವಳ ತಮ್ಮ ಡಿಶ್ ಹಿಡಿದು ನಿಂತಿದ್ದ. ಒಳಗಿನಿಂದ ಅಕ್ಕ ಕೂಗುತ್ತಿದ್ದಳು: "ಬಂತು, ಬಂತು! ಅಯ್ಯೋ, ಹೋಯ್ತು ಕಣೋ!" ಅವನ ತಲೆಯಿಂದ ಎರಡು ಮೊಳ ದೂರದಲ್ಲಿ ಕರೆಂಟಿನ ತಂತಿ ತೂಗಾಡುತ್ತಿತ್ತು. ನನಗೆ ಎದೆ ಝಲ್ಲೆಂದಿತು. ಮೊದಲು ಅವನನ್ನು ಮೆಲ್ಲಗೆ ಕೆಳಗಿಳಿಸಿದೆ.

ಜಗುಲಿಯ ಮೇಲಿದ್ದ ಅವರ ಅವ್ವ ಹೇಳಿದರು: "ಗಾಳಿ ಸಿಗ್ನಲ್ಲನ್ನ ಹೊತ್ಕೊಂಡು ಹೋಗ್ತದೆ ಮೇಷ್ಟ್ರೇ. ಏನು ಮಾಡೋಣ? ದಿನಾ ಇದೇ ಪಾಡು."

ಗಾಳಿ ಸಿಗ್ನಲ್ಲನ್ನು ಹೊತ್ತುಕೊಂಡು ಹೋಗುತ್ತದೆಯೇ? ನೀವೂ ಹಾಗೆಯೇ ಅಂದುಕೊಂಡಿರಬಹುದು. ಬನ್ನಿ, ಸ್ವಲ್ಪ ವಿಚಾರ ಮಾಡೋಣ.

ಫ್ರೀ ಡಿಶ್ಶಿನ ಕಾರ್ಯಕ್ರಮಗಳನ್ನು ನಮಗೆ ಕಳಿಸುವುದು ಜಿಸ್ಯಾಟ್-15 ಎಂಬ ಉಪಗ್ರಹ. ನಮ್ಮ ಇಸ್ರೊ ಸಂಸ್ಥೆ ತಯಾರಿಸಿದ ಇದನ್ನು 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದಿಂದ ಹಾರಿಸಿದರು. ಅದು ಇರುವುದು ಭೂಮಧ್ಯರೇಖೆಯ ನೇರದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಬರುತ್ತದೆ. ಮೈದಾನದ ಕಂಬವನ್ನು ನೀವು ಒಳಗಿನ ವೃತ್ತದಲ್ಲಿ ಸುತ್ತುತ್ತೀರಿ, ನಿಮ್ಮ ಗೆಳೆಯ ಹೊರಗಿನ ವೃತ್ತದಲ್ಲಿ ನಿಮ್ಮ ಸಮಕ್ಕೇ ಓಡುತ್ತಾನೆ ಎಂದುಕೊಳ್ಳಿ. ಅವನು ಸದಾ ನಿಮ್ಮ ಒಂದೇ ಪಕ್ಕದಲ್ಲಿ ಕಾಣುತ್ತಾನೆ, ಅಲ್ಲವೇ? ಉಪಗ್ರಹವೂ ಹಾಗೆಯೇ. ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ. ಇಂಥ ಉಪಗ್ರಹಗಳು ಜಾಗ ಬಿಟ್ಟು ಕದಲದಂತೆ ಹಾಸನದಲ್ಲಿರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರದವರು ನೋಡಿಕೊಳ್ಳುತ್ತಾರೆ.

ಅಲ್ಲಿಂದ ಹೊರಟ ರೇಡಿಯೋ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ನಮ್ಮ ಅಂಗಳ ಮುಟ್ಟುತ್ತದೆ. ಅದು ಬರುವ ದಾರಿಯ ಬಹುಪಾಲಿನಲ್ಲಿ ಗಾಳಿಯೇ ಇಲ್ಲ! ಕೊನೆಯ ನೂರು ಕಿಲೋಮೀಟರಿನಲ್ಲಿ ಮಾತ್ರ ವಾಯುಮಂಡಲ ಸಿಗುತ್ತದೆ. ಅಲ್ಲಿಯೂ ಗಾಳಿ ಈ ಅಲೆಯನ್ನು ಪಕ್ಕಕ್ಕೆ ತಳ್ಳಲಾರದು. ಟಾರ್ಚಿನ ಬೆಳಕನ್ನು ಊದಿ ಓಡಿಸಲು ಆಗುತ್ತದೆಯೇ? ಇದೂ ಅಷ್ಟೇ.

ಮಳೆಯ ಮಾತು ಬೇರೆ. ದಪ್ಪ ಮಳೆಹನಿಗಳು ಈ ಅಲೆಯನ್ನು ಹೀರುತ್ತವೆ, ಚದುರಿಸುತ್ತವೆ. ಆದ್ದರಿಂದ ಜೋರು ಮಳೆಯಲ್ಲಿ ಹೋದ ಚಿತ್ರ ಮಳೆ ನಿಂತ ಮೇಲೆ ತಾನಾಗಿ ಬರುತ್ತದೆ. ಅದಕ್ಕೆ ನಾವು ಮಾಡಬೇಕಾದ್ದು ಏನೂ ಇಲ್ಲ.

ಹಾಗಾದರೆ ಗಾಳಿ ಮಾಡುವುದೇನು? ಅದು ಅಲುಗಿಸುವುದು ನಮ್ಮ ಡಿಶ್ಶನ್ನು. ಗಾಳಿಗೆ ಎದುರಾಗಿ ಮೊರವನ್ನು ಹಿಡಿದು ನೋಡಿ. ಕೈ ಹಿಂದಕ್ಕೆ ಹೋಗುತ್ತದೆ. ಡಿಶ್ ಕೂಡ ಒಂದು ಕಬ್ಬಿಣದ ಮೊರ. ಗಾಳಿಯ ವೇಗ ಎರಡರಷ್ಟಾದರೆ ಅದರ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಬೋಲ್ಟು ಸಡಿಲವಾಗಿದ್ದರೆ ಡಿಶ್ ತಿರುಗಿಯೇ ತಿರುಗುತ್ತದೆ.

ಎಷ್ಟು ತಿರುಗಿದರೆ ತೊಂದರೆ? ಎರಡಡಿ ಅಗಲದ ಡಿಶ್ಶಿನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಅದರ ನೋಟ ಒಂದು ಡಿಗ್ರಿಯಷ್ಟು ಬದಲಾಗುತ್ತದೆ. ಇಲ್ಲಿ ಕಡಲೆಬೀಜದ ಗಾತ್ರದಷ್ಟೂ ಇಲ್ಲದ ಈ ಸರಿತ, ಅಷ್ಟು ದೂರದ ಉಪಗ್ರಹದ ಬಳಿ ಆರುನೂರು ಕಿಲೋಮೀಟರಿಗಿಂತ ಹೆಚ್ಚಾಗುತ್ತದೆ! ಒಂದು ಡಿಗ್ರಿಗೆ ಸಿಗ್ನಲ್ ಸೊರಗುತ್ತದೆ. ಎರಡು ಮೂರು ಡಿಗ್ರಿಯಾದರೆ ಚಿತ್ರ ಹೋದಂತೆಯೇ.

ಹಿಂದೆ ಹೀಗಿರಲಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಪಾಠಗಳನ್ನು ಕಳಿಸಿದರು. ಆಂಧ್ರವೂ ಕರ್ನಾಟಕವೂ ಅವುಗಳಲ್ಲಿದ್ದವು. ಆಗಿನ ಡಿಶ್ ಹತ್ತಡಿ ಅಗಲ, ಆದರೆ ಕೋಳಿಗೂಡಿನ ತಂತಿ ಬಲೆಯದು. ಆ ಅಲೆಗಳ ಅಳತೆ ಒಂದಡಿಗಿಂತ ಹೆಚ್ಚಾಗಿದ್ದುದರಿಂದ ಬಲೆಯ ಸಣ್ಣ ತೂತುಗಳಲ್ಲಿ ಅವು ನುಸುಳುತ್ತಿರಲಿಲ್ಲ, ಗಾಳಿ ಮಾತ್ರ ನುಸುಳುತ್ತಿತ್ತು. ಈಗಿನ ಅಲೆ ಒಂದು ಅಂಗುಲದಷ್ಟು. ಅದಕ್ಕೆ ಗಟ್ಟಿ ತಟ್ಟೆಯೇ ಹೆಚ್ಚು ಅನುಕೂಲ.

ಆ ಮನೆಯ ಡಿಶ್ಶಿನ ಕಂಬವನ್ನು ತಗಡಿಗೆ ತಂತಿಯಿಂದ ಬಿಗಿದು, ಬುಡಕ್ಕೆ ಎರಡು ಕಲ್ಲು ಹೇರಿದ್ದರು. ಲೇಪಾಕ್ಷಿಯ ಗುಡಿಯಲ್ಲಿ ನೆಲಕ್ಕೆ ತಾಕದಂತೆ ತೋರುವ ಕಂಬವನ್ನು ನೋಡಲು ಜನ ದೂರದಿಂದ ಬರುತ್ತಾರೆ. ಡಿಶ್ಶಿನ ಕಂಬ ಹಾಗಿದ್ದರೆ ನಡೆಯುವುದಿಲ್ಲ!

ನಾನು ಅವರ ಅಪ್ಪನನ್ನು ಕೇಳಿದೆ: "ಇದನ್ನು ಮಾಡಿನ ಮೇಲೆ ಏಕೆ ಇಟ್ಟಿರಿ?"

"ಎತ್ತರದಲ್ಲಿದ್ದರೆ ಚೆನ್ನಾಗಿ ಹಿಡೀತದಲ್ಲ ಸಾರ್" ಎಂದರು.

ಇದು ಹಳೆಯ ಆಂಟೆನಾದ ಕಾಲದ ಮಾತು. ಆಗ ಸಿಗ್ನಲ್ ಬರುತ್ತಿದ್ದುದು ನೆಲದ ಮೇಲಿನ ಗೋಪುರದಿಂದ. ಮನೆ, ಮರ, ಗುಡ್ಡ ಅಡ್ಡವಾಗುತ್ತಿದ್ದವು. ಎತ್ತರದ ಗಳುವಿಗೆ ಆಂಟೆನಾ ಕಟ್ಟಿದರೆ ಲಾಭವಿತ್ತು. ಈಗ ಸಿಗ್ನಲ್ ಬರುವುದು 36,000 ಕಿಲೋಮೀಟರ್ ಮೇಲಿನಿಂದ. ಹತ್ತಡಿ ಏರಿದರೆ ಬರುವ ಲಾಭವೇನು? ಡಿಶ್ಶಿಗೆ ಬೇಕಾದ್ದು ಎತ್ತರವಲ್ಲ, ಉಪಗ್ರಹದ ಕಡೆ ಅಡ್ಡಿಯಿಲ್ಲದ ಆಕಾಶ.

ಆ ಕಡೆ ಎಂದರೆ ಯಾವ ಕಡೆ? ಭೂಮಧ್ಯರೇಖೆ ನಮಗೆ ದಕ್ಷಿಣದಲ್ಲಿದೆ. ಲೇಪಾಕ್ಷಿ ಇರುವುದು ಸುಮಾರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಉಪಗ್ರಹ ಇರುವುದು 93.5 ಡಿಗ್ರಿಯಲ್ಲಿ, ಎಂದರೆ ನಮಗಿಂತ ಪೂರ್ವಕ್ಕೆ. ಆದ್ದರಿಂದ ಅದು ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 65 ಡಿಗ್ರಿ ಮೇಲಕ್ಕೆ ಇದೆ. ಹೆಚ್ಚುಕಡಿಮೆ ನೆತ್ತಿಯ ಹತ್ತಿರವೇ! ಡಿಶ್ಶಿನ ಮುಖ ಅಷ್ಟು ಮೇಲೆ ನೋಡುವಂತೆ ಕಾಣುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಅದರ ತೋಳು ನಡುವಿನಿಂದಲ್ಲ, ಕೆಳಗಿನ ಅಂಚಿನಿಂದ ಹೊರಟಿರುತ್ತದೆ. ಹಾಗಾಗಿ ಅದರ ನಿಜವಾದ ನೋಟ ನಮಗೆ ಕಾಣುವುದಕ್ಕಿಂತ ಮೇಲಕ್ಕಿರುತ್ತದೆ.

ಈಗ ಯೋಚಿಸಿ. ಗಾಳಿ ಬರುವುದು ಪಡುವಣದಿಂದ. ಡಿಶ್ ನೋಡಬೇಕಾದ್ದು ಆಗ್ನೇಯಕ್ಕೆ. ಮನೆಯ ಪೂರ್ವದ ಗೋಡೆಗೆ ಅದನ್ನು ಹಾಕಿದರೆ ಹೇಗೆ? ಮನೆಯೇ ಗಾಳಿಗೆ ಅಡ್ಡ ನಿಲ್ಲುತ್ತದೆ, ಆಕಾಶವೂ ಕಾಣುತ್ತದೆ, ಯಾರೂ ಮಾಡು ಹತ್ತಬೇಕಿಲ್ಲ.

ಹಾಗೆಯೇ ಮಾಡಿದರು. ಡಿಶ್ ಹಾಕುವವರು ಬಂದು ಸೊಂಟದೆತ್ತರದಲ್ಲಿ ಗೋಡೆಗೆ ಬೋಲ್ಟು ಬಿಗಿದರು. ಗಾರೆಯವರ ತೂಕದ ಗುಂಡು ಹಿಡಿದು ಕಂಬ ನೆಟ್ಟಗಿದೆಯೇ ಎಂದು ನೋಡಿದರು. ಟಿ.ವಿ.ಯ ಮೆನುವಿನಲ್ಲಿ ಸಿಗ್ನಲ್ಲಿನ ಪಟ್ಟಿಯನ್ನು ನೋಡುತ್ತ, ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಿ ಐದು ಎಣಿಸುವಷ್ಟು ಹೊತ್ತು ಕಾದರು. ಪೆಟ್ಟಿಗೆಗೆ ಸಿಗ್ನಲ್ ಗುರುತಿಸಲು ಅಷ್ಟು ಸಮಯ ಬೇಕು. ಹುಡುಗ ಬಿರಬಿರನೆ ತಿರುಗಿಸುತ್ತಿದ್ದುದರಿಂದಲೇ "ಬಂತು, ಹೋಯ್ತು" ಆಗುತ್ತಿದ್ದುದು. ಕೊನೆಗೆ ಕಂಬ ಮತ್ತು ಹಿಡಿಕೆ ಎರಡರ ಮೇಲೂ ಸೇರುವಂತೆ ಬಣ್ಣದಿಂದ ಒಂದು ಗೆರೆ ಎಳೆದರು. ಗೆರೆ ಮುರಿದಂತೆ ಕಂಡರೆ ಡಿಶ್ ತಿರುಗಿದೆ ಎಂದು ಅರ್ಥ. ಈ ಉಪಾಯ ನನಗೆ ಬಹಳ ಹಿಡಿಸಿತು.

ನಿಮ್ಮ ಮನೆಯಲ್ಲಿ ಚಿತ್ರ ಹೋದರೆ ಮೊದಲು ನೆಲದ ಮೇಲೆ ನಿಂತೇ ನೋಡಿ. ಒಂದೇ ವಾಹಿನಿ ಹೋಗಿದೆಯೋ, ಎಲ್ಲವೂ ಹೋಗಿವೆಯೋ? ಪೆಟ್ಟಿಗೆಯ ಹಿಂದಿನ ಕೇಬಲ್ ಸಡಿಲವಾಗಿದೆಯೇ? ಗಾಳಿ ಬೀಸಿದಾಗ ಹೋಗಿ, ನಿಂತಾಗ ಬರುತ್ತಿದ್ದರೆ ಆಗ್ನೇಯದಲ್ಲಿ ಬೇವಿನ ಕೊಂಬೆಯೇನಾದರೂ ಅಡ್ಡ ತೂಗುತ್ತಿದೆಯೇ? ಪಡುವಣದ ಮರವನ್ನು ದೂರಬೇಡಿ, ಅದು ಗಾಳಿ ತಡೆಯುವ ಮರ. ಗಾಳಿ ನಿಂತರೂ ಚಿತ್ರ ಬಾರದಿದ್ದರೆ ಡಿಶ್ ತಿರುಗಿರಬಹುದು. ಅದನ್ನು ದೊಡ್ಡವರಿಗೆ ಹೇಳಿ. ಗಾಳಿಯಲ್ಲಿ, ಗುಡುಗು ಮಿಂಚಿನಲ್ಲಿ ಯಾರೂ ಮಾಡು ಹತ್ತಬಾರದು.

ಇನ್ನೊಂದು ತಮಾಷೆ ಇದೆ. ಮಾರ್ಚಿನ ಮಧ್ಯದಲ್ಲಿ ಮತ್ತು ಸೆಪ್ಟೆಂಬರಿನ ಕೊನೆಯಲ್ಲಿ ಕೆಲವು ದಿನ, ಮಳೆಯಿಲ್ಲದೆ ಗಾಳಿಯಿಲ್ಲದೆ, ಬೆಳಿಗ್ಗೆ ಹನ್ನೊಂದರ ಆಸುಪಾಸಿನಲ್ಲಿ ಚಿತ್ರ ಕೆಲವೇ ನಿಮಿಷ ಹೋಗಿ ಬರುವುದುಂಟು. ಆಗ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಿರುತ್ತಾನೆ. ಸೂರ್ಯನಿಂದ ಬರುವ ರೇಡಿಯೋ ಅಲೆಗಳ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಡಿಶ್ಶಿಗೆ ಕೇಳಿಸುವುದಿಲ್ಲ. ಆಗ ಡಿಶ್ಶನ್ನು ಮುಟ್ಟಬೇಡಿ. ಸೂರ್ಯನನ್ನು ನೇರವಾಗಿ ನೋಡಲೂಬೇಡಿ. ಅಂಗಳದಲ್ಲಿ ಒಂದು ಕೋಲು ನೆಟ್ಟು ಅದರ ನೆರಳು ನೋಡಿ. ನೆರಳಿನ ತುದಿಯಿಂದ ಕೋಲಿನ ತುದಿಗೆ ಒಂದು ದಾರ ಎಳೆದು ಹಿಡಿದರೆ, ಆ ದಾರ ತೋರಿಸುವ ಕಡೆಯಲ್ಲೇ ಜಿಸ್ಯಾಟ್-15 ಇದೆ.