ಜಪಾನಿನ ವಿಡಿಯೋ, ತೆಲಸಂಗದ ಮಾಳಗಿ

ತೆಲಸಂಗದ ನಮ್ಮ ಮನೆ ಮೂರಂಕಣದ್ದು. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ಜಂತಿ, ಅದರ ಮೇಲೆ ಹಾಳುಮಣ್ಣಿನ ಮಾಳಗಿ. ಬೆಳಕಿಂಡಿ ಒಂದೇ, ಅದೂ ಅಂಗೈ ಅಗಲದ್ದು. ಅಪ್ಪ ಹೋದ ಮೇಲೆ ಅಲ್ಲಿ ಅವ್ವ ಒಬ್ಬಳೇ. ಕೆಡವಿ ಆರ್‌ಸಿಸಿ ಹಾಕಿಸೋಣ ಅಂತ ತಮ್ಮ, ಬೇಡ ಅಂತ ನಾನು.

ನನ್ನ ಹಟಕ್ಕೆ ಕಾರಣ ಯೂಟ್ಯೂಬು. ರಾತ್ರಿ ಬೆಂಗಳೂರಿನ ಫ್ಲಾಟಿನಲ್ಲಿ ಕೂತು ಜಪಾನಿನ ಹಳೇ ಮನೆಗಳ ರಿಪೇರಿ ನೋಡುವುದು ಚಟವಾಗಿತ್ತು. 2023ರ ಸರ್ಕಾರಿ ಲೆಕ್ಕದ ಪ್ರಕಾರ ಅಲ್ಲಿ ಸುಮಾರು 90 ಲಕ್ಷ ಮನೆ ಖಾಲಿ ಬಿದ್ದಿವೆ. ಹಳ್ಳಿಯ ಹುಡುಗರೆಲ್ಲ ಪಟ್ಟಣ ಸೇರಿದ್ದಾರೆ, ನಮ್ಮ ಹಂಗೇ. ಅಂಥದ್ದೊಂದು ಸಣ್ಣ ಮನೆ ಕೊಂಡು, ಕಟ್ಟಿಗೆ ಕಂಬ-ತೊಲೆ ಉಳಿಸಿಕೊಂಡು, ನಡುವಿನ ಗೋಡೆ ತೆಗೆದು, ದೊಡ್ಡ ಗಾಜು ಹಾಕುತ್ತಾರೆ. ಮನೆಯ ಅಂಚಿಗೆ ಎಂಗಾವಾ ಅಂತ ಹಲಗೆಯ ಜಗುಲಿ. ಪೂರ್ತಿ ಒಳಗೂ ಅಲ್ಲ, ಹೊರಗೂ ಅಲ್ಲ. ಥೇಟ್ ನಮ್ಮ ಕಟ್ಟೆ!

ಗೌಂಡಿ ಕಾಕಾಗೆ ಮೊಬೈಲು ತೋರಿಸಿದೆ. "ಅವರದು ಕಂಬದ ಮನಿ. ನಮ್ಮ ಜಂತಿ ಕುಂತಿದ್ದು ಗ್ವಾಡಿ ಮ್ಯಾಲ. ಗ್ವಾಡಿ ತಗದ್ರ ಮಾಳಗಿ ಮಾರಿ ಮ್ಯಾಲ ಬರತೈತಿ," ಅಂದ. ಆಮೇಲೆ ಉಗುರಿನಿಂದ ಗೋಡೆ ಕೆರೆದ. ಹಪ್ಪಳದಂಥ ಸಿಮೆಂಟು ಉದುರಿತು. ಮೊದಲ ಸಂಬಳದಲ್ಲಿ ಆ ಗಿಲಾವು ಮಾಡಿಸಿದವನು ನಾನೇ. ಮಣ್ಣಿನ ಗೋಡೆ ಹಸಿ ಹೀರಿ ಮತ್ತೆ ಗಾಳಿಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕಿತ್ತು. ಆಫೀಸಿನಲ್ಲಿ ಹಳೇ ಕೋಡು ಮುಟ್ಟುವ ಮುಂಚೆ ಹತ್ತು ಸಲ ಯೋಚಿಸುವವನಿಗೆ ಸ್ವಂತ ಮನೆಯ ಬಗ್ಗೆ ಆ ಬುದ್ಧಿ ಇರಲಿಲ್ಲ.

ಅಷ್ಟಾದರೂ ಮಾಳಗಿ ಮುಟ್ಟಬಾರದು, ಬ್ಯಾಸಗಿಗೆ ಎಷ್ಟು ತಂಪು ಅಂತ ಭಾಷಣ ಮಾಡಿದೆ. ಅವ್ವ ಸುಮ್ಮನೆ ಕೇಳಿದಳು.

"ನೀ ವರ್ಷಕ್ಕ ಎಂಟ್ ದಿವ್ಸ ಬಂದು ಮಲಗಿ ಹೋಗಾಂವ. ಮಳಿಗಾಲದಾಗ ರಾತ್ರಿ ಎದ್ದು ಬುಟ್ಟಿ ಇಡಾಕಿ ಯಾರು?"

ಪ್ರತಿ ವರ್ಷ ಮಳೆಗೆ ಮುಂಚೆ ಅಪ್ಪ ಮಾಳಗಿ ಹತ್ತಿ ಹೊಸ ಹಾಳುಮಣ್ಣು ಹಾಕಿ ತುಳಿಯುತ್ತಿದ್ದ. ಅಪ್ಪ ಹೋದ ಮೇಲೆ ಯಾರೂ ಹತ್ತಿಲ್ಲ. 2020ರ ಅಕ್ಟೋಬರ್ ಮಳೆಯಲ್ಲಿ ಅವ್ವ ನಾಲ್ಕು ರಾತ್ರಿ ಬಾಜೂ ಮನೆಯಲ್ಲಿ ಮಲಗಿದ್ದಳಂತೆ. ನನಗೆ ಹೇಳಿರಲಿಲ್ಲ. ಕೇಳಿದರೆ, "ಹೇಳಿದ್ರ ಏನ್ ಮಾಡಾಂವ ಇದ್ದಿ?" ಅಂದಳು.

ಕೊನೆಗೆ ಅವ್ವನ ಡಿಸೈನೇ ಪಾಸಾಯಿತು. ಮಾಳಗಿ ಹಾಗೇ ಉಳಿಯಿತು, ಅದರ ಮೇಲೆ ಎರಡಡಿ ಬಿಟ್ಟು ತಗಡು. ಮಳೆಯೂ ತಾಕುವುದಿಲ್ಲ, ನಡುವೆ ಗಾಳಿಯೂ ಆಡುತ್ತದೆ. ಫೋಟೋದಲ್ಲಿ ಮಾತ್ರ ಕೋಳಿ ಫಾರಂ ಕಂಡಂಗೆ ಕಾಣುತ್ತದೆ. ಸಿಮೆಂಟು ಕಿತ್ತು ಸುಣ್ಣದ ಗಿಲಾವು. ಹಿತ್ತಲಲ್ಲಿದ್ದ ಪಾಯಖಾನೆ ಅವ್ವ ಮಲಗುವ ಕೋಣೆಗೆ ಹತ್ತಿಕೊಂಡು ಬಂತು. ನನ್ನ ಪಾಲಿಗೆ ಉಳಿದದ್ದು ಬೆಳಕಿಂಡಿ. ಎರಡು ಜಂತಿಯ ನಡುವೆ ಸಾಧ್ಯವಿದ್ದಷ್ಟು ಉದ್ದ ಮಾಡಿಸಿ, ನೇರ ಮೇಲಿನ ತಗಡಿನ ಜಾಗದಲ್ಲಿ ಪಾರದರ್ಶಕ ಶೀಟು ಹಾಕಿಸಿದೆ. ಅವ್ವ ಈಗ ಅದರ ಕೆಳಗೇ ಮೊರ ಹಿಡಿದು ಕೂರುತ್ತಾಳೆ, ಜೋಳದಾಗಿನ ಹರಳು ಕಾಣ್ತಾವಂತೆ.

ಮೊದಲ ಮಳೆಯ ರಾತ್ರಿ ಫೋನು ಮಾಡಿದೆ. ಸೋರುತ್ತಿದೆಯಾ ಅಂತ ಎರಡು ಸಲ ಕೇಳಿದೆ. ಅವ್ವ ಏನೋ ಕೂಗಿ ಹೇಳಿದಳು, ತಗಡಿನ ಸಪ್ಪಳಕ್ಕೆ ಒಂದೂ ತಿಳಿಯಲಿಲ್ಲ.