ಬಚ್ಚಲುಮನೆಯ ಮಿಷನ್ನು

ಇದನ್ನ ಬರೆಯೋದೋ ಬೇಡ್ವೋ ಅಂತ ಒಂದು ವಾರದಿಂದ ಯೋಚನೆ ಮಾಡ್ತಿದೀನಿ. ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಅಂತ ಇಟ್ಟುಕೊಂಡಾಗ ನಾನು ಮೈಕ್ ಹಿಡಿದು ಏನೇನು ಮಾತಾಡಿದ್ದೆ ಅಂತ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಚಪ್ಪಾಳೆನೂ ಹೊಡೆದಿದ್ರಿ. ಅದೇ ನಾನು ಈ ವರ್ಷ ರಾತ್ರಿ ಹೊತ್ತು ಬಚ್ಚಲುಮನೆ ಚಿಲಕ ಹಾಕ್ಕೊಂಡು ಮುಖದ ಚರ್ಮ ಕೆರೆದುಕೊಳ್ತಿದ್ದೆ.

ಮೈಕ್ರೋಡರ್ಮಾಬ್ರೇಶನ್ ಅಂತಾರೆ ಅದಕ್ಕೆ. ಸ್ಕಿನ್ ಕ್ಲಿನಿಕ್ಕುಗಳಲ್ಲಿ ಮಾಡೋದು. ಈಗ ಮನೇಲೇ ಮಾಡ್ಕೊಳ್ಳೋ ಕಿಟ್ ಆನ್‌ಲೈನಲ್ಲಿ ಸಿಗುತ್ತೆ. ನಾನು ಕೊಟ್ಟಿದ್ದು 2,400 ರೂಪಾಯಿ. ದಪ್ಪ ಪೆನ್ನಿನಂಥ ಒಂದು ಹಿಡಿ, ಅದರ ತುದಿಗೆ ವಜ್ರದ ಪುಡಿ ಅಂಟಿಸಿದ ಬಿಲ್ಲೆ, ಮುಟ್ಟಿದರೆ ಉಪ್ಪುಕಾಗದದ ಹಾಗೆ. ಒಳಗಿನ ಮೋಟಾರು ಗಾಳಿ ಎಳೆಯುತ್ತೆ. ಚರ್ಮ ತುದಿಗೆ ಕಚ್ಚಿಕೊಳ್ಳುತ್ತೆ, ಬಿಲ್ಲೆ ಉಜ್ಜುತ್ತೆ, ಉದುರಿದ್ದು ಒಂದು ಸಣ್ಣ ಫಿಲ್ಟರಿನಲ್ಲಿ ಹೋಗಿ ಕೂರುತ್ತೆ. ಡಬ್ಬಿ ಮೇಲೆ ಬೆಳ್ಳಗಾಗುತ್ತೆ ಅಂತ ಎಲ್ಲೂ ಬರೆದಿರಲಿಲ್ಲ. ‘ಗ್ಲೋ’ ಅಂತಿತ್ತು. ಬೆಳ್ಳಗೆ ಅಂತ ಓದ್ಕೊಂಡವಳು ನಾನು.

ಕಾರಣ ಹೇಳ್ತೀನಿ. ಕಚೇರಿಗೆ ಹೊಸ ಸಾಹೇಬರು ಬಂದ ದಿನ ಟಪಾಲು ಫೈಲ್ ಹಿಡಿದು ಚೇಂಬರಿಗೆ ಹೋದೆ. ಜೊತೆಗೆ ಹೊರಗುತ್ತಿಗೆ ಮೇಲೆ ಸೇರಿ ಆರು ತಿಂಗಳಾಗಿದ್ದ ಡಾಟಾ ಎಂಟ್ರಿ ಹುಡುಗಿ, ಬೆಳ್ಳಗಿದ್ದಾಳೆ. ಅವಳಿಗೆ "ಕೂತ್ಕೊಳ್ಳಿ ಮೇಡಂ" ಅಂದ್ರು. ನನ್ನ ಕಡೆ ನೋಡಿ "ಕುಡಿಯೋಕೆ ನೀರು ತಗೊಂಬಾಮ್ಮ" ಅಂದ್ರು. ನನ್ನದು 18 ವರ್ಷದ ಸರ್ವೀಸು. ನೀರು ಕೊಡೋದು ಕೀಳು ಕೆಲಸ ಅಂತಲ್ಲ, ನಮ್ಮ ಡಿ ಗ್ರೂಪ್ ಅಣ್ಣಂದಿರು, ಅಕ್ಕಂದಿರು ಬೇಜಾರು ಮಾಡ್ಕೋಬೇಡಿ. ಮುಖ ನೋಡಿ ಕೆಲಸ ಹಂಚಿದ್ದು ನನಗೆ ನಾಟಿತು. ಅವತ್ತು ಸಂಜೆ ಬಸ್ಸಲ್ಲಿ ಕೂತೇ ಆರ್ಡರ್ ಮಾಡಿದೆ.

ಸುಳ್ಳು ಹೇಳಲ್ಲ, ಮೊದಲ ವಾರ ಮುಖ ನುಣ್ಣಗೆ ಅನ್ನಿಸ್ತು. ಪೌಡರ್ ಚೆನ್ನಾಗಿ ಕೂರ್ತಿತ್ತು. ಫಿಲ್ಟರ್ ಬಿಚ್ಚಿ ನೋಡಿದೆ. ಕಪ್ಪು ಪುಡಿ ಇರುತ್ತೆ ಅಂದ್ಕೊಂಡಿದ್ದೆ. ಇದ್ದಿದ್ದು ಬೂದುಬಿಳಿ ಹಿಟ್ಟು. ಆಗಲೇ ಅರ್ಥ ಆಗಬೇಕಿತ್ತು.

ಕಿಟ್ ಜೊತೆ ಬಂದ ಚೀಟಿಯಲ್ಲಿ ವಾರಕ್ಕೊಂದು ಸಲ, ಒಂದು ಜಾಗದಲ್ಲಿ ಒಂದೇ ಗೆರೆ ಅಂತಿತ್ತು. ನಾನು ದಿನ ಬಿಟ್ಟು ದಿನ ಮಾಡಿದೆ, ಕೆನ್ನೆಮೂಳೆ ಮೇಲೆ ಮೂರು ಮೂರು ಸಲ. ಮುಖ ತುಂಬಾ ಕೆಂಪಾದರೆ ನಿಲ್ಲಿಸಿ ಅಂತಲೂ ಇತ್ತು. ನನ್ನ ಮುಖದ ಮೇಲೆ ಕೆಂಪು ಎಲ್ಲಿ ಕಾಣಬೇಕು? ಉರಿ ಬಂತು, ಕೆಂಪು ಬರಲಿಲ್ಲ, ನಾನು ನಿಲ್ಲಿಸಲಿಲ್ಲ. ಆ ಚೀಟಿ ಬರೆದವರ ಕಣ್ಣಮುಂದೆ ಇದ್ದ ಮುಖ ನನ್ನದಲ್ಲ.

ಮೂರು ವಾರಕ್ಕೆ ಎರಡೂ ಕೆನ್ನೆ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿದ ಹಾಗೆ ಕಪ್ಪು ಪಟ್ಟಿ.

ಆಸ್ಪತ್ರೆಗೆ ಹೋದೆ. ಚರ್ಮದ ಡಾಕ್ಟರಮ್ಮ ಬೈಯಲಿಲ್ಲ, ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದ್ರು. ಈ ಮಿಷನ್ನು ಉಜ್ಜೋದು ಮೇಲಿನ ಸತ್ತ ಪದರ, ಅದು ತಾನಾಗೇ ಉದುರಿ ಹೋಗುವಂಥದ್ದು. ಬಣ್ಣ ತಯಾರಾಗೋದು ಹೊರಚರ್ಮದ ತಳದಲ್ಲಿ. ಮೆಲನಿನ್ ಮಾಡೋ ಜೀವಕೋಶಗಳು ಬೆಳ್ಳಗಿರೋರಿಗೂ ಕಪ್ಪಗಿರೋರಿಗೂ ಹೆಚ್ಚುಕಮ್ಮಿ ಅಷ್ಟೇ ಇರ್ತವಂತೆ. ಎಷ್ಟು ಮೆಲನಿನ್ ಮಾಡ್ತವೆ ಅನ್ನೋದರಲ್ಲಿ ವ್ಯತ್ಯಾಸ. ನಮ್ಮಂಥ ಚರ್ಮಕ್ಕೆ ಪೆಟ್ಟಾದರೆ, ಉರಿಯಾದರೆ, ಅವು ಇನ್ನೂ ಜಾಸ್ತಿ ಸುರಿತವೆ. ಕೆರೆದಷ್ಟೂ ಕಪ್ಪು. ಕಲೆ ಹೋಗೋಕೆ ತಿಂಗಳುಗಟ್ಟಲೆ ಬೇಕು, ಸನ್‌ಸ್ಕ್ರೀನ್ ಹಚ್ಚಿ, ಮೆಡಿಕಲ್ ಸ್ಟೋರಿನವರು ಕೊಟ್ಟ ಸ್ಟೆರಾಯ್ಡ್ ಕ್ರೀಮ್ ಮಾತ್ರ ಹಚ್ಚಬೇಡಿ, ಬಿಸಿಲಿಗೆ ಹೋಗಬೇಡಿ ಅಂದ್ರು.

"ಬರೋ ವಾರ ಡಿಸಿ ಆಫೀಸ್ ಮುಂದೆ ಧರಣಿ ಇದೆ ಡಾಕ್ಟ್ರೇ."

"ಕೊಡೆ ಹಿಡ್ಕೊಂಡು ಕೂತ್ಕೊಳ್ಳಿ."

ಆ ಕೊಡೆ ಯಾಕೆ ಅಂತ ಕೇಳಿದವರಿಗೆಲ್ಲ ಮೈಗ್ರೇನು ಅಂದಿದ್ದೆ. ಕ್ಷಮಿಸಿ.

ಇಷ್ಟು ದಿನ ನನಗೆ ನಾನೇ ಒಂದು ಸಮರ್ಥನೆ ಕೊಟ್ಕೊಂಡಿದ್ದೆ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ ಸೀರೆ ಉಡೋ ರೀತಿ ಬದಲಿಸಿ, ಜಾತಿ ಗುರುತು ಹೇಳೋ ಒಡವೆ ಬಿಡಿ ಅಂತ ಹೇಳಿದ್ರಲ್ಲ, ನಾನೂ ಅದನ್ನೇ ಮಾಡ್ತಿದೀನಿ ಅಂತ. ನಮ್ಮವರು ಲಿಪ್‌ಸ್ಟಿಕ್ ಹಾಕಿದ್ರೆ ಹೋರಾಟ ಹಾಳಾಯ್ತು ಅನ್ನೋ ಕೆಲವು ಅಣ್ಣಂದಿರ ಜೊತೆ ನಾನು ಈಗಲೂ ಇಲ್ಲ. ಚೆಂದ ಕಾಣೋದು ನಮ್ಮ ಹಕ್ಕು. ಆದ್ರೆ ಅವರು ಬಿಚ್ಚಿಡಿ ಅಂದಿದ್ದು ಊರು ನಮ್ಮ ಮೇಲೆ ಹೇರಿದ್ದನ್ನ. ಚರ್ಮ ಊರು ಕೊಟ್ಟಿದ್ದಲ್ಲ, ನಮ್ಮವ್ವ ಕೊಟ್ಟಿದ್ದು. ಜಾತಿ ಅಂದ್ರೆ ಜನಾಂಗದ ವಿಂಗಡಣೆ ಅಲ್ಲ, ಒಂದೇ ಸೀಮೆಯ ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಮೂಲದವರು ಅಂತ 1936ರ ‘ಜಾತಿ ವಿನಾಶ’ದಲ್ಲಿ ಅವರೇ ವಾದ ಮಾಡಿದಾರೆ. ಅಧ್ಯಯನ ಶಿಬಿರದಲ್ಲಿ ಆ ಪಾಠ ಹೇಳಿದವಳೂ ನಾನೇ.

ಕಿಟ್‌ನ ಬೀರು ಮೇಲೆ ಎತ್ತಿಟ್ಟು ಮರೆತಿದ್ದೆ. ಹೋದ ಭಾನುವಾರ ಮೀಟಿಂಗ್ ಮುಗಿಸಿ ಮನೆಗೆ ಬಂದ್ರೆ ಬಚ್ಚಲುಮನೆ ಒಳಗಿಂದ ಅದೇ ಗುಂಯ್ ಅನ್ನೋ ಸದ್ದು. ಮಗಳು. ಸೆಕೆಂಡ್ ಪಿಯುಸಿ. ನನ್ನದೇ ಬಣ್ಣ. ಬಾಗಿಲು ಬಡಿದೆ, ತೆಗೆದಳು, ಗಲ್ಲದ ಹತ್ರ ಒಂದೇ ಗೆರೆ ಎಳೆದಿದ್ದಳು. "ನೀನ್ ಮಾಡ್ಕೋಬೋದು, ನಾನ್ ಮಾಡ್ಕೋಬಾರ್ದಾ?" ಅಂದಳು.

ಅಡುಗೆಮನೆಯಲ್ಲಿ ಕೂರಿಸಿಕೊಂಡು ಎಲ್ಲಾ ಹೇಳಿದೆ. ಸಾಹೇಬರು, ಆರ್ಡರ್ ಮಾಡಿದ್ದು, ಡಾಕ್ಟರಮ್ಮ ಬರೆದ ಚಿತ್ರ, ಮಹಾಡ್, ಮೈಗ್ರೇನಿನ ಸುಳ್ಳು. ಕೆನ್ನೆ ಬೆಳಕಿಗೆ ಹಿಡಿದು ತೋರಿಸಿದೆ, ಪಟ್ಟಿ ಇನ್ನೂ ಪೂರ್ತಿ ಹೋಗಿಲ್ಲ. ಅವಳು ಕೆನ್ನೆ ನೋಡಲಿಲ್ಲ.

"ಅಮ್ಮಾ, ಅವತ್ತು ನೀರು ತಂದ್ಕೊಟ್ಯಾ?"

ತಂದುಕೊಟ್ಟೆ ಅಂದೆ.

ಜೈಭೀಮ್.