ಇತ್ತೆ ಕಿಮಸು ಅಂದ್ರೆ ಹೋಗಿ ಬರ್ತೀನಿ

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಕಾರಣ ಸೋಮಾರಿತನ ಅಲ್ಲ (ಪೂರ್ತಿ ಅಲ್ಲ :-)). ಜಪಾನಿ ಭಾಷೆ ಕಲೀತಾ ಇದ್ದೆ. ಒಂದು ಸಲ ಫೇಲಾದೆ, ಆಮೇಲೆ ಪಾಸಾದೆ. ಈ ಎರಡರ ನಡುವೆ ನಮ್ಮಮ್ಮ ಬೈದ ಒಂದು ಮಾತಿದೆ. ಅದನ್ನ ಬರೆದಿಡೋಣ ಅಂತ ಇವತ್ತು ಕೂತಿದೀನಿ.

ನಮ್ಮೂರು ಕುರೆಕುಪ್ಪ. ಸಂಡೂರು ತಾಲೂಕು, ಬಳ್ಳಾರಿ ಜಿಲ್ಲೆ. ಹೆಸರು ಕೇಳಿರಲಿಕ್ಕಿಲ್ಲ. ತೋರಣಗಲ್ಲು ಉಕ್ಕಿನ ಕಾರ್ಖಾನೆ ಅಂದ್ರೆ ಗೊತ್ತಾಗತ್ತೆ, ಅದರ ಪಕ್ಕದ ಊರು. ರಾತ್ರಿ ನಮ್ಮ ಮಾಳಿಗೆ ಮೇಲೆ ನಿಂತರೆ ಆ ಕಡೆಯ ಆಕಾಶ ಕೆಂಪಗೆ ಕಾಣತ್ತೆ. 2010ರಲ್ಲಿ ಜಪಾನಿನ ಜೆಎಫ್‌ಇ ಸ್ಟೀಲ್ ಕಂಪನಿ ಜೆಎಸ್‌ಡಬ್ಲ್ಯು ಸ್ಟೀಲ್‌ನಲ್ಲಿ ಪಾಲು ತಗೊಂಡಿತು. ಆಗ ನಾನಿನ್ನೂ ಹೈಸ್ಕೂಲು ಮೆಟ್ಟಿಲು ಹತ್ತುವ ವಯಸ್ಸು. ಜಪಾನು ಅಂದ್ರೆ ನನಗೆ ಭೂಗೋಳದ ನಕ್ಷೆಯ ಮೂಲೆಯಲ್ಲಿ ಬಾಗಿ ನಿಂತ ನಾಲ್ಕು ದ್ವೀಪ, ಅಷ್ಟೇ.

ಮುಂದೆ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದೆ. ಎಲ್ಲರ ಹಾಗೆ ಸಾಫ್ಟ್‌ವೇರ್. ನಮ್ಮ ತಂಡಕ್ಕೆ ಜಪಾನಿನ ಗಿರಾಕಿಯೊಬ್ಬರ ಕೆಲಸ ಬಂತು. ಜೆಎಲ್‌ಪಿಟಿ ಎನ್4 ಪಾಸಾದವರನ್ನ ಎರಡು ವರ್ಷಕ್ಕೆ ಅಲ್ಲಿಗೆ ಕಳಿಸ್ತೀವಿ ಅಂದ್ರು. ಈ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತ. ಎನ್5 ಸುಲಭ, ಎನ್1 ಬ್ರಹ್ಮವಿದ್ಯೆ. ಎನ್4 ಕೆಳಗಿನಿಂದ ಎರಡನೆಯದು. ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯತ್ತೆ, ಬೆಂಗಳೂರಲ್ಲೂ ಕೇಂದ್ರ ಇದೆ.

ಸರಿ, ಶನಿವಾರ-ಭಾನುವಾರದ ಕ್ಲಾಸು ಸೇರಿದೆ. ಒಂದು ಪದಪಟ್ಟಿ ಸಿಕ್ಕಿತು. ಎಡಗಡೆ ಜಪಾನಿ, ಬಲಗಡೆ ಇಂಗ್ಲಿಷ್. ಬಸ್ಸಲ್ಲಿ, ಲಿಫ್ಟಲ್ಲಿ, ಹಲ್ಲುಜ್ಜುವಾಗ ಉರು ಹೊಡೆದೆ. ಮೊಬೈಲಲ್ಲಿ ಆಂಕಿ ಅನ್ನೋ ತಂತ್ರಾಂಶ ಹಾಕಿಕೊಂಡೆ. ಮರೆಯೋ ಹೊತ್ತಿಗೆ ಸರಿಯಾಗಿ ಅದೇ ಪದವನ್ನ ಮತ್ತೆ ಮುಂದೆ ತಂದು ನಿಲ್ಲಿಸೋ ತಂತ್ರಾಂಶ ಅದು. (ಆಂಕಿ ಅನ್ನೋದೇ ಜಪಾನಿ ಪದ. ಅರ್ಥ: ಬಾಯಿಪಾಠ!)

ಜುಲೈ ಪರೀಕ್ಷೆಯ ಫಲಿತಾಂಶ ಬಂತು. 180ಕ್ಕೆ 95. ಪಾಸಾಗೋಕೆ ಬೇಕಿದ್ದದ್ದು 90. ಆದ್ರೂ ಫೇಲು! ಯಾಕಂದ್ರೆ ಆಲಿಸುವ ಭಾಗದಲ್ಲಿ 60ಕ್ಕೆ ಕನಿಷ್ಠ 19 ಬರಲೇಬೇಕು. ನನಗೆ ಬಂದದ್ದು 17.

ಎಲ್ಲಿ ಎಡವಿದೆ ಅಂತ ನನಗೇ ಗೊತ್ತಿತ್ತು. ಓದುವಾಗ ಸಮಯ ಇರತ್ತೆ. ಕೇಳುವಾಗ ಇರಲ್ಲ. ಕಿವಿಗೆ ಒಂದು ಜಪಾನಿ ಪದ ಬಿದ್ದರೆ ನಾನು ಅದನ್ನ ಮೊದಲು ಇಂಗ್ಲಿಷಿಗೆ ತರ್ತಿದ್ದೆ. ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಹಾಗಾಗಿ ಆ ಇಂಗ್ಲಿಷು ಮತ್ತೆ ಒಳಗೆ ಕನ್ನಡ ಆಗಬೇಕು. ತೋರಣಗಲ್ಲಿನಿಂದ ಹೊಸಪೇಟೆಗೆ ಹೋಗೋಕೆ ಬೆಂಗಳೂರಿಗೆ ಬಂದು ಹೋದ ಹಾಗೆ. ಅಷ್ಟೊತ್ತಿಗೆ ಕ್ಯಾಸೆಟ್ಟಿನ ಹೆಂಗಸು ಮೂರು ವಾಕ್ಯ ಮುಂದೆ ಹೋಗಿರ್ತಿದ್ದಳು. ಕಾಯಿಲೆ ಗೊತ್ತಿತ್ತು. ಮದ್ದು ಗೊತ್ತಿರಲಿಲ್ಲ.

ದಸರಾಕ್ಕೆ ಊರಿಗೆ ಹೋದೆ. ಮೂರು ದಿನ ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿಂದು, ಯಾರಿಗೂ ಫೇಲಾದದ್ದು ಹೇಳದೆ, ವಾಪಸ್ ಹೊರಟೆ. ಹಂಪಿ ಎಕ್ಸ್‌ಪ್ರೆಸ್ ಹಿಡಿಯೋ ಅವಸರ. ಶೂ ಹಾಕ್ಕೊಳ್ತಾ ಬಾಗಿಲಲ್ಲಿ "ಅಮ್ಮಾ, ಹೋಗ್ತೀನಿ" ಅಂದೆ.

ಅಮ್ಮ ಒಳಗಿಂದ ಸೌಟು ಹಿಡಕೊಂಡೇ ಬಂದ್ಲು. "ಎಷ್ಟು ಸಲ ಹೇಳ್ಬೇಕಲೆ ನಿನಗ? ಹೋಗ್ತೀನಿ ಅನ್ಬಾರ್ದು. ಹೋಗಿ ಬರ್ತೀನಿ ಅನ್ನು."

ನಿಮ್ಮ ಮನೆಯಲ್ಲೂ ಅಂದಿರ್ತಾರೆ, ಗೊತ್ತು. ಆದ್ರೆ ನಮ್ಮ ಮನೆಯಲ್ಲಿ ಅದಕ್ಕೊಂದು ಕಾರಣ ಇದೆ. ಅಪ್ಪ ಅದಿರು ಲಾರಿ ಓಡಿಸ್ತಿದ್ದ. ನಮ್ಮ ಕಡೆ ಮಣ್ಣಿಗೆ ಚಿನ್ನದ ಬೆಲೆ ಬಂದಿದ್ದ ಕಾಲ ಅದು. ಹಗಲು ರಾತ್ರಿ ಸಾಲು ಸಾಲು ಲಾರಿ, ಗಿಡದ ಎಲೆ ಕೆಂಪು, ಒಗೆದು ಹಾಕಿದ ಬಟ್ಟೆ ಕೆಂಪು. ಅಪ್ಪ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದಾಚೆ ಅರಬೈಲು ಘಟ್ಟ ಇಳಿದು ಬೇಲೇಕೇರಿ ಬಂದರಿಗೆ ಅದಿರು ಹಾಕಿ ಬರ್ತಿದ್ದ. 2009ರ ಮಳೆಗಾಲದಲ್ಲಿ ಒಂದು ದಿನ ಬೆಳಗಿನ ಜಾವ ಅಮ್ಮನ್ನ ಎಬ್ಬಿಸದೆ ಹೊರಟುಬಿಟ್ಟ. ಘಟ್ಟದಲ್ಲಿ ಲಾರಿ ಉರುಳಿತು. ಮೂರು ದಿನ ಸುದ್ದಿಯಿಲ್ಲ. ಹನ್ನೊಂದನೇ ದಿನ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಯಾರದೋ ಜೀಪಲ್ಲಿ ಬಂದಿಳಿದ. ಅಮ್ಮ ಅಳಲಿಲ್ಲ. "ಹೇಳಿ ಹೋಗಿರ್ಲಿಲ್ಲ ನೀನು" ಅಂದಳು, ಅಷ್ಟೇ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸೋ ಹೊತ್ತಿಗೆ ಅಪ್ಪ ಸ್ಟೀರಿಂಗ್ ಬಿಟ್ಟು ರಸ್ತೆ ಬದಿ ಸಣ್ಣ ಅಂಗಡಿ ಹಾಕಿದ್ದ. ಈಗಲೂ ಅಂಗಡಿಗೆ ಹೊರಡುವಾಗ, ಐದು ನಿಮಿಷದ ದಾರಿ, "ಹೋಗಿ ಬರ್ತೀನಿ" ಅಂತಾನೆ.

"ಹೋಗಿ ಬರ್ತೀನಮ್ಮ" ಅಂದು ಆಟೋ ಹತ್ತಿದೆ.

ತೋರಣಗಲ್ಲು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಅಭ್ಯಾಸಬಲದಿಂದ ಪಟ್ಟಿ ತೆಗೆದೆ. ಮೊದಲ ಪುಟದಲ್ಲೇ ಇತ್ತು. "ಇತ್ತೆ ಕಿಮಸು". ಮನೆಯಿಂದ ಹೊರಡುವಾಗ ಜಪಾನಿಗಳು ಹೇಳೋ ಮಾತು. ಬಲಗಡೆ ಇಂಗ್ಲಿಷಲ್ಲಿ "ನಾನು ಹೊರಟೆ" ಅನ್ನೋ ಅರ್ಥ ಕೊಟ್ಟಿದ್ದರು. ನೂರು ಸಲ ಉರು ಹೊಡೆದಿದ್ದೆ. ಅವತ್ತು ಮೊದಲ ಸಲ ಪದ ಬಿಡಿಸಿ ನೋಡಿದೆ. "ಇಕು" ಅಂದ್ರೆ ಹೋಗು. "ಇತ್ತೆ" ಅಂದ್ರೆ ಹೋಗಿ. "ಕುರು" ಅಂದ್ರೆ ಬರು. "ಕಿಮಸು" ಅಂದ್ರೆ ಬರ್ತೀನಿ.

ಹೋಗಿ ಬರ್ತೀನಿ!

ಮನೆಯಲ್ಲಿದ್ದವರು ತಿರುಗಿ ಏನಂತಾರೆ? "ಇತ್ತೆರಶ್ಶೈ". ಅಂದ್ರೆ ಹೋಗಿ ಬನ್ನಿ. ಬಹುವಚನದ ಮರ್ಯಾದೆಯೂ ಸೇರಿ. ಅಮ್ಮ ಸೌಟು ಹಿಡಿದು ತಿದ್ದಿದ ತಪ್ಪನ್ನೇ ಆ ಪಟ್ಟಿ ಮಾಡಿತ್ತು. "ಬರ್ತೀನಿ" ಅನ್ನೋದನ್ನ ನುಂಗಿಹಾಕಿತ್ತು. ರೈಲು ಬರೋವರೆಗೂ ನಾನು ಆ ಬೆಂಚಿನ ಮೇಲೆ ಒಬ್ಬನೇ ನಗ್ತಾ ಕೂತಿದ್ದೆ. ಪಕ್ಕದವರು ಸ್ವಲ್ಪ ದೂರ ಸರಿದು ಕೂತರು :-)

ಬೆಂಗಳೂರಿಗೆ ಬಂದವನೇ ಹಳೇ ಪಟ್ಟಿ ಪಕ್ಕಕ್ಕಿಟ್ಟು ಇನ್ನೂರು ಪುಟದ ನೋಟ್‌ಬುಕ್ ತಂದೆ. ಈ ಸಲ ಬಲಗಡೆ ಕನ್ನಡ. ಅದೂ ಪುಸ್ತಕದ ಕನ್ನಡ ಅಲ್ಲ, ನಮ್ಮ ಮನೆಯದು. ಬರೀತಾ ಹೋದ ಹಾಗೆ ಒಂದೊಂದೇ ಗಂಟು ಬಿಚ್ಚಿಕೊಂಡಿತು.

"ತಬೆತೆ ಮಿರು" ಅಂತ ಒಂದಿದೆ. ವ್ಯಾಕರಣ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ವಿವರಣೆ. ನಮಗೆ ಎರಡು ಪದ ಸಾಕು: ತಿಂದು ನೋಡು. "ಮಿರು" ಅಂದ್ರೆ ನೋಡು. ರುಚಿಯನ್ನ ಕಣ್ಣಿಂದ ನೋಡ್ತಾರಾ ಅಂತ ಇಂಗ್ಲಿಷಿನವನು ತಲೆ ಕೆರೆದುಕೊಳ್ಳಬಹುದು. ನಾವು ಕೆರೆದುಕೊಳ್ಳಬೇಕಿಲ್ಲ. "ತಬೆತೆ ಶಿಮೌ" ಅಂದ್ರೆ ತಿಂದುಬಿಡು. ಆ "ಬಿಡು"ವಿನ ಎಲ್ಲ ಬಣ್ಣವೂ ಅದರಲ್ಲಿದೆ, ಮುಗಿಸಿದ್ದೂ, ಅಯ್ಯೋ ಹೀಗಾಯ್ತಲ್ಲ ಅನ್ನೋದೂ.

ಅಣ್ಣ ಅನಿ, ತಮ್ಮ ಒತೋತೊ, ಅಕ್ಕ ಅನೆ, ತಂಗಿ ಇಮೋತೊ. ಇಂಗ್ಲಿಷಿನ ಹಾಗೆ ದೊಡ್ಡವರು ಚಿಕ್ಕವರು ಅಂತ ಬೇರೆ ಪದ ಅಂಟಿಸಬೇಕಿಲ್ಲ. ಕಂಪ್ಲಿ ಕಡೆ ಕಾಲುವೆ ನೀರಲ್ಲಿ ನಿಂತಿರೋದು ಭತ್ತ, ಮೂಟೆಯಲ್ಲಿ ಬರೋದು ಅಕ್ಕಿ, ತಟ್ಟೆಗೆ ಬೀಳೋದು ಅನ್ನ. ಜಪಾನಿಯಲ್ಲೂ ಮೂರಕ್ಕೂ ಮೂರು ಪದ: ಇನೆ, ಕೊಮೆ, ಗೊಹನ್. ಇಂಗ್ಲಿಷ್ ಪಟ್ಟಿಯಲ್ಲಿ ಮೂರರ ಎದುರಿಗೂ "ರೈಸ್" ಅಂತಿತ್ತು, ನಾನು ಮೂರನ್ನೂ ಅದಲುಬದಲು ಮಾಡ್ತಿದ್ದೆ. ಗೊಹನ್ ಅಂದ್ರೆ ಊಟ ಅಂತಲೂ ಆಗತ್ತೆ. ಬೆಳಗಿನ ತಿಂಡಿ "ಅಸಗೊಹನ್", ಬೆಳಗಿನ ಅನ್ನ.

ಜನರನ್ನ ಎಣಿಸುವಾಗ ನಾವು ಒಂದು, ಎರಡು ಅನ್ನಲ್ಲ, ಒಬ್ಬರು, ಇಬ್ಬರು ಅಂತೀವಿ. ಅವರೂ ಹಾಗೇ, ಹಿತೊರಿ, ಫುತರಿ. ಗುಡುಗಿದರೆ ನಮಗೆ ಗುಡುಗುಡು, ಅವರಿಗೆ ಗೊರೊಗೊರೊ. ಎದೆ ನಮ್ಮಲ್ಲಿ ಢವಢವ, ಅಲ್ಲಿ ದೊಕಿದೊಕಿ. ಸ್ಟೀಲು ಪಾತ್ರೆ ಪಳಪಳ ಹೊಳೆದರೆ ಅಲ್ಲಿ ಪಿಕಪಿಕ. ಜೋಡಿ ಶಬ್ದಗಳನ್ನ ಹೀಗೆ ಕಲಿತರೆ ಮರೆಯೋದೇ ಇಲ್ಲ, ನೋಡಿ.

ಲಿಪಿಯ ವಿಷಯ ಇನ್ನೂ ಮಜಾ. ಜಪಾನಿ ಅಕ್ಷರಮಾಲೆ ಅ, ಇ, ಉ, ಎ, ಒ ಅಂತ ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಅಂತ ಸಾಗತ್ತೆ. ಎಲ್ಲೋ ನೋಡಿದ ಹಾಗಿದೆಯಲ್ಲ? ಬೌದ್ಧರ ಜೊತೆ ಇಲ್ಲಿಂದ ಹೋದ ವರ್ಣಮಾಲೆಯ ಕ್ರಮ ಅದು. "ಸ" ಕೂತಿರೋದು ನಮ್ಮ "ಚ" ಜಾಗದಲ್ಲಿ, "ಹ" ಕೂತಿರೋದು "ಪ" ಜಾಗದಲ್ಲಿ. ಹಿಂದೆ ಅವರು ಅದನ್ನ ಪಕಾರದ ಹಾಗೇ ಉಚ್ಚರಿಸ್ತಿದ್ದರಂತೆ. ಹ್ರಸ್ವ, ದೀರ್ಘ, ಒತ್ತಕ್ಷರ, ಮೂರೂ ಅವರಿಗೆ ಜೀವ. "ಒಬಸನ್" ಅಂದ್ರೆ ಅತ್ತೆ, "ಒಬಾಸನ್" ಅಂದ್ರೆ ಅಜ್ಜಿ. "ಕಿತೆ" ಅಂದ್ರೆ ಬಂದು, "ಕಿತ್ತೆ" ಅಂದ್ರೆ ಅಂಚೆಚೀಟಿ. ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಂಡು ಇದರಲ್ಲೇ ಎಷ್ಟೋ ಅಂಕ ಕಳೆದುಕೊಂಡಿದ್ದೆ. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರೋ ನಾವು ಅದನ್ನ ಯಾಕೆ ಇಂಗ್ಲಿಷಲ್ಲಿ ಬರ್ಕೋಬೇಕು ಹೇಳಿ?

ಹಾಗಂತ ಜಪಾನಿ ಕನ್ನಡದಿಂದ ಹುಟ್ಟಿತು ಅಂತ ಯಾರೂ ಹೊರಡಬೇಡಿ! ಜಪಾನಿನ ವಿದ್ವಾಂಸ ಸುಸುಮು ಓನೊ ಅನ್ನೋರು ಜಪಾನಿಗೂ ತಮಿಳಿಗೂ ನಂಟಿದೆ ಅಂತ ವಾದಿಸಿದ್ದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಅದನ್ನ ಒಪ್ಪಿಲ್ಲ. ಕ್ರಿಯಾಪದ ಕೊನೆಗೆ ಬರೋದು ಕೊರಿಯನ್, ಟರ್ಕಿಷ್‌ನಲ್ಲೂ ಇದೆ. ರಕ್ತಸಂಬಂಧ ಇಲ್ಲದಿದ್ದರೂ ಪಕ್ಕದ ಮನೆಯವರ ಅಡುಗೆ ನಮ್ಮದರ ಹಾಗೇ ಇರಬಹುದಲ್ಲ, ಅಷ್ಟೇ. ಕನ್ನಡ ಕೈಕೊಡೋ ಜಾಗಗಳೂ ಇವೆ. ಪೆನ್ನು, ಬಾಟಲಿಯಂಥ ಉದ್ದನೆಯ ವಸ್ತುವಿಗೆ ಒಂದು ಎಣಿಕೆ, ಕಾಗದದಂಥ ತೆಳುವಾದದ್ದಕ್ಕೆ ಇನ್ನೊಂದು, ಬೆಕ್ಕು-ನಾಯಿಗೆ ಮತ್ತೊಂದು. ಕಾಂಜಿ ಅನ್ನೋ ಚಿತ್ರಾಕ್ಷರಗಳಿಗಂತೂ ನಮ್ಮಲ್ಲಿ ಯಾವ ಮದ್ದೂ ಇಲ್ಲ. ಬರೆದು ಬರೆದು ಕೈ ಸೋಲಬೇಕು.

ದೀಪಾವಳಿಗೆ ಮತ್ತೆ ಊರಿಗೆ ಹೋದಾಗ ಮನೆ ತುಂಬ ಚೀಟಿ ಅಂಟಿಸಿದೆ. ಬಾಗಿಲಿಗೆ, ಕೊಡಕ್ಕೆ, ಉಪ್ಪಿನ ಡಬ್ಬಿಗೆ. ಕನ್ನಡ ಅಕ್ಷರದಲ್ಲೇ ಜಪಾನಿ ಪದ. ಅಮ್ಮ ಮೊದಲು ಬೈದಳು, ಆಮೇಲೆ ಓದೋಕೆ ಶುರು ಮಾಡಿದಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಮ್ಮಮ್ಮ. ಇಂಗ್ಲಿಷ್ ಚೀಟಿ ಆಗಿದ್ದರೆ ಅವಳು ಅತ್ತ ತಿರುಗಿಯೂ ನೋಡ್ತಿರಲಿಲ್ಲ. ರಾತ್ರಿ ರೊಟ್ಟಿ ಬಡೀತಾ "ಮಿಜು ಅಂದ್ರೆ?" ಅಂತ ಕೇಳೋಳು. "ನೀರು." "ಶಿಯೊ?" "ಉಪ್ಪು." "ತ್ಸುಚಿ?" "ಮಣ್ಣು." ತಡವರಿಸಿದರೆ ಅವಳೇ ಹೇಳಿಬಿಡೋಳು. ಆಮೇಲಾಮೇಲೆ ಫೋನಲ್ಲೂ ಕೇಳ್ತಿದ್ದಳು. ನಡುವೆ ಬೆಂಗಳೂರೂ ಇಲ್ಲ, ಇಂಗ್ಲಿಷೂ ಇಲ್ಲ. ನನ್ನ ಕಿವಿ ಪಳಗಿದ್ದು ಹೀಗೆ.

ಡಿಸೆಂಬರ್ ಪರೀಕ್ಷೆಯಲ್ಲಿ ಒಟ್ಟು 117. ಆಲಿಸುವುದರಲ್ಲಿ 33.

ಪಾಸಾದ ಸುದ್ದಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಪಾಸಾದ್ರೆ ಹೋಗ್ಬೇಕು ಅನ್ನೋದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ರೊಟ್ಟಿ ಬಡೀತಾ ಪದ ಕೇಳಿ ಕೇಳಿ ಪಾಸು ಮಾಡಿಸಿದ್ದಳು. ಅದು ನನಗೆ ಹೊಳೆದದ್ದು ಆ ಮೌನದಲ್ಲಿ.

ಮುಂದಿನ ತಿಂಗಳು ಹೊರಡ್ತೀನಿ. ಎರಡು ವರ್ಷ. ಹೋದ ವಾರ ಬಟ್ಟೆಬರೆ ತರೋಕೆ ಊರಿಗೆ ಹೋಗಿದ್ದೆ. ಚೀಟಿಗಳು ಹಾಗೇ ಇವೆ, ಎಣ್ಣೆ ಜಿಡ್ಡು ಹತ್ತಿ, ಒಂದಿಷ್ಟು ಕೆಂಪು ಧೂಳು ಕೂತು. ಕೀಳೋಕೆ ಹೋದೆ, "ಇರ್ಲಿ ಬಿಡು" ಅಂದಳು. ವಾಪಸ್ ಹೊರಡುವಾಗ ಬಾಗಿಲಲ್ಲಿ ನಿಂತು, ಸ್ವಲ್ಪ ನಾಟಕ ಮಾಡಿ, "ಇತ್ತೆ ಕಿಮಸು" ಅಂದೆ.

ಅಂಗಡಿಗೆ ಹೊರಟಿದ್ದ ಅಪ್ಪ ಏನು ಭಾಷೆನೋ ಅಂತ ನಕ್ಕ. ಅಮ್ಮ ನಗಲಿಲ್ಲ.

"ಅದರಾಗ 'ಬರ್ತೀನಿ' ಐತೇನು?" ಅಂತ ಕೇಳಿದಳು.

"ಐತಮ್ಮ" ಅಂದೆ.

"ಹಂಗಾದ್ರ ಸರಿ. ಹೋಗಿ ಬಾ."